ಚಿತ್ರಕ್ಕೆ ಹಿಂದಲೆ ಇರುವುದಿಲ್ಲ

ಈ ಊರಿನ ಅರ್ಧ ಜನರ ಮುಖವನ್ನು ಅತ್ತೆ ಸರಿಯಾಗಿ ನೋಡಿಯೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಿಂದಲೆ ಕೇಳಿ, ಹೇಳುತ್ತಾಳೆ. ಬಸ್ ನಿಲ್ದಾಣದಲ್ಲಿ ಸಾಲಾಗಿ ನಿಂತವರನ್ನು ಬೆನ್ನ ಕಡೆಯಿಂದ ನೋಡಿ, ಇದು ಅಂಚೆ ಕಚೇರಿಯ ಹೆಂಗಸು, ಬಲಗಡೆ ಸುಳಿ, ಮೊಂಡು ಕೂದಲು; ಅದು ಸಂಗೀತದ ಮೇಷ್ಟರ ಹೆಂಡತಿ, ಎಡಕ್ಕೇ ಮಲಗುವವಳು ಎಂದು ಒಬ್ಬೊಬ್ಬರನ್ನೂ ಬಿಡಿಸಿ ಹೇಳಬಲ್ಲಳು. ಅದೇ ಜನ ತಿರುಗಿ ನಕ್ಕರೆ, ಇವರು ಯಾರಪ್ಪಾ ಎಂದು ಒಂದು ಗಳಿಗೆ ತಬ್ಬಿಬ್ಬಾಗುತ್ತಾಳೆ. ಮೂವತ್ತೆರಡು ವರ್ಷ ಜನರ ಬೆನ್ನ ಹಿಂದೆ ನಿಂತು ಕೂದಲು ಕತ್ತರಿಸಿದವಳಿಗೆ ಇದರಲ್ಲಿ ನಾಚಿಕೆಯೇನೂ ಇಲ್ಲ.

ಎಲ್ಲರೂ ಅವಳನ್ನು ಕರೆಯುವುದು ಹಿಂದಲೆ ಅತ್ತೆ ಎಂದು. ಅವಳಿರುವ ಕ್ಷೌರದಂಗಡಿಯ ಯಜಮಾನನಿಗೆ ಅವಳು ನಿಜವಾಗಿಯೂ ಸೋದರತ್ತೆ, ಅವನ ಅಪ್ಪನ ತಂಗಿ. ಅವನ ಬಾಯಿಂದ ಗಿರಾಕಿಗಳ ಬಾಯಿಗೆ ಹತ್ತಿ, ಈಗ ಎಪ್ಪತ್ತು ದಾಟಿದ ನಿವೃತ್ತ ನ್ಯಾಯಾಧೀಶರೂ ಅವಳಿಗೆ ಅತ್ತೆ ಎನ್ನುತ್ತಾರೆ. ಹಿಂದಲೆ ಎಂಬುದು ಸೇರಿಕೊಂಡದ್ದು ಅವಳ ಕೆಲಸದ ರೀತಿಯಿಂದ. ಬೇರೆಯವರು ಗಿರಾಕಿ ಕೂತ ಕೂಡಲೇ ಕನ್ನಡಿಯಲ್ಲಿ ಮುಖ ನೋಡಿ ಯಾವ ಸ್ಟೈಲ್ ಬೇಕು ಎಂದು ಕೇಳುತ್ತಾರೆ. ಅತ್ತೆ ಕೇಳುವುದಿಲ್ಲ. ಕುತ್ತಿಗೆಯ ಗುಳಿಯಿಂದ ಮೇಲಕ್ಕೆ ಬೆರಳು ಹರಿಸಿ, ಬುರುಡೆ ಎಲ್ಲಿ ಉಬ್ಬಿದೆ, ಎಲ್ಲಿ ಚಪ್ಪಟೆ, ಕೂದಲು ಯಾವ ಕಡೆಗೆ ಹೋಗಲು ಹಟ ಹಿಡಿಯುತ್ತದೆ ಎಂದು ತಿಳಿದುಕೊಂಡು ಹಿಂದಿನಿಂದಲೇ ಶುರು ಮಾಡುತ್ತಾಳೆ. “ಮುಂದಿಂದು ನೀವೇ ಬಾಚ್ಕೋಬಹುದು. ಹಿಂದೆ ನಿಮ್ಮ ಕಣ್ಣೂ ಹೋಗಲ್ಲ, ಕೈಯೂ ಹೋಗಲ್ಲ,” ಎನ್ನುವುದು ಅವಳ ವಾದ.

ಅಂಗಡಿಯಲ್ಲಿ ಮೂರು ಕುರ್ಚಿ. ಮೊದಲೆರಡು ಹೊಸವು, ಗುಂಡಿ ಒತ್ತಿದರೆ ಸದ್ದಿಲ್ಲದೆ ಏಳುತ್ತವೆ. ಮೂರನೆಯದು ಅವಳ ಅಣ್ಣನ ಕಾಲದ್ದು. ಕಬ್ಬಿಣದ ಕಾಲು, ಬಿಳಿ ಪಿಂಗಾಣಿಯ ಕೈ, ಎರಡು ಸಲ ಬದಲಾಯಿಸಿದ ಕೆಂಪು ರೆಕ್ಸಿನ್. ಮೇಲೆತ್ತಬೇಕಾದರೆ ಪಕ್ಕದ ಸನ್ನೆಕೋಲನ್ನು ಪಾದದಿಂದ ನಾಲ್ಕು ಸಲ ತುಳಿಯಬೇಕು. ಅದು ಅತ್ತೆಯ ಕುರ್ಚಿ. ಗಂಡ ತೀರಿಕೊಂಡ ಮೂರನೆಯ ತಿಂಗಳಿಗೆ ಅಣ್ಣ ಅವಳನ್ನು ಕರೆತಂದು ಅದರ ಹಿಂದೆ ನಿಲ್ಲಿಸಿ, “ಅಳೋದಿದ್ರೆ ಇಲ್ಲಿ ನಿಂತು ಅಳು, ಗಿರಾಕಿಗೆ ಕಾಣಲ್ಲ,” ಎಂದಿದ್ದ. ಎದುರಿಗೆ ಆಳೆತ್ತರದ ಕನ್ನಡಿ ಇದೆ ಎಂಬುದು ಪಾಪ ಅವನಿಗೆ ಹೊಳೆದಿರಲಿಲ್ಲ. ಹೇಗೂ ಅಲ್ಲಿ ನಿಂತ ಮೇಲೆ ಅವಳಿಗೆ ಅಳಲು ಪುರುಸೊತ್ತು ಸಿಗಲಿಲ್ಲ.

ಈಗಿನ ಯಜಮಾನ ಆ ಅಣ್ಣನ ಮಗ. ಕತ್ತರಿ ಹಿಡಿಯಲು ಅವನಿಗೆ ಕಲಿಸಿದವಳು ಅತ್ತೆಯೇ. ಮೊದಲ ಸಲ ಅವನು ಗಿರಾಕಿಯ ಕಿವಿಯನ್ನೂ ಸೇರಿಸಿ ಕತ್ತರಿಸಿದಾಗ ರಕ್ತ ಒರೆಸಿ, ಸೊಳ್ಳೆ ಕಚ್ಚಿತು ಅನ್ಸುತ್ತೆ ಎಂದು ಗಿರಾಕಿಯನ್ನು ಸಾಗಹಾಕಿದವಳೂ ಅವಳೇ. ಅಪ್ಪ ಹೋದ ಮೇಲೆ ಅವನು ದೊಡ್ಡ ಪಟ್ಟಣದಲ್ಲಿ ಮೂರು ತಿಂಗಳ ಕೋರ್ಸ್ ಮಾಡಿ ಬಂದ. ಹೋಗುವಾಗ ಗಡ್ಡ ಇರಲಿಲ್ಲ, ಬರುವಾಗ ಇತ್ತು. ಅಂಗಡಿ ಸ್ಟುಡಿಯೋ ಆಯಿತು, ಗಿರಾಕಿ ಅತಿಥಿ ಆದ, ಕತ್ತರಿಸುವುದು ವಿನ್ಯಾಸ ಆಯಿತು. ನೆಲದ ಮೇಲೆ ಬಿದ್ದ ಕೂದಲು ಮಾತ್ರ ಕೂದಲಾಗಿಯೇ ಉಳಿಯಿತು. ಅದನ್ನು ಗುಡಿಸುವ ಕೆಲಸಕ್ಕೆ ಹೊಸ ಹೆಸರನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನು ವಿನಯದಿಂದ ಕೊಲ್ಲುವ ಜಾತಿ. ಒಂದು ದಿನ ಅಳತೆಯ ಟೇಪು ಹಿಡಿದು ಮೂರನೆಯ ಕುರ್ಚಿಯ ಸುತ್ತ ಎರಡು ಸುತ್ತು ಬಂದು, “ಅತ್ತೆ, ಇಲ್ಲಿ ಒಂದು ಸಮಾಲೋಚನಾ ಮೂಲೆ ಮಾಡೋಣ ಅಂತಿದ್ದೀನಿ. ಸೋಫಾ, ಸಣ್ಣ ಮೇಜು. ಅತಿಥಿಗಳು ಕೂತು ಸ್ಟೈಲ್ ಆರಿಸ್ಕೊಳ್ಳೋಕೆ,” ಎಂದ.

“ಕುರ್ಚಿ?”

“ತೆಗೆದುಬಿಡೋಣ. ಎಷ್ಟು ಹಳೇದು ನೋಡಿ. ನೀವು ಬೇಸಿನ್ ನೋಡ್ಕೊಳ್ಳಿ. ತಲೆ ತೊಳೆಯೋದ್ರಲ್ಲಿ ನಿಮ್ಮ ಕೈ ಇಡೀ ಊರಲ್ಲಿ ಯಾರಿಗೂ ಇಲ್ಲ.”

ಹೊಗಳಿ ಹೊಗಳಿಯೇ ಕೈಯಿಂದ ಕೆಲಸ ಕಿತ್ತುಕೊಳ್ಳಬಹುದು ಎಂದು ಅತ್ತೆಗೆ ಐವತ್ತಾರನೆಯ ವಯಸ್ಸಿನಲ್ಲಿ ಗೊತ್ತಾಯಿತು. ಬೇಸಿನ್ ಎಂದರೆ ಬಾಗಿ ನಿಲ್ಲುವುದು, ಒದ್ದೆ ಕೈ, ಸೋಪಿನ ನೊರೆ. ತೊಳೆದ ತಲೆಯನ್ನು ಟವೆಲಿನಲ್ಲಿ ಸುತ್ತಿ ಇನ್ನೊಬ್ಬರ ಕುರ್ಚಿಗೆ ಕಳಿಸಿ ಮುಂದಿನ ತಲೆಗೆ ಕಾಯುವುದು. ತೊಳೆಯುವವಳಿಗೆ ತಲೆ ಸಿಗುತ್ತದೆ, ಆದರೆ ಅದನ್ನು ಏನು ಮಾಡಬೇಕು ಎಂದು ನಿರ್ಧರಿಸುವ ಹಕ್ಕು ಸಿಗುವುದಿಲ್ಲ. ಅವಳು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಾಡಲಿಲ್ಲ ಎಂದು ಕೇಳುವವರೂ ಮನೆಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಊರಿನ ಚಿತ್ರಶಾಲೆಯಿಂದ ಒಂದು ಪತ್ರ ಬಂತು. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ, ಸುಮಾರು ನಾನೂರು ವರ್ಷ ಹಳೆಯ ಭಾವಚಿತ್ರಗಳ ಪ್ರದರ್ಶನವಂತೆ. ಒಂದೊಂದು ಅಂಗಡಿಯವರೂ ಒಂದು ಚಿತ್ರ ಆರಿಸಿಕೊಂಡು, ಅದರಿಂದ ಸ್ಫೂರ್ತಿ ಪಡೆದು ಈ ಕಾಲದ ಹೆಣ್ಣು ಹಾಕಿಕೊಳ್ಳಬಹುದಾದ ಕೇಶವಿನ್ಯಾಸವೊಂದನ್ನು ಮಾಡಿ ತೋರಿಸಬೇಕಂತೆ. ಗೆದ್ದ ಅಂಗಡಿಯ ಹೆಸರು ಚಿತ್ರಶಾಲೆಯ ಗೋಡೆಯ ಮೇಲೆ. ಯಜಮಾನ ಪತ್ರವನ್ನು ಮೂರು ಸಲ ಓದಿ, ನಾಲ್ಕನೆಯ ಸಲ ಗಿರಾಕಿಗಳಿಗೆ ಕೇಳುವ ಹಾಗೆ ಓದಿದ.

ಮೊದಲು ಅವನೇ ಕೈ ಹಾಕಿದ. ರೂಪದರ್ಶಿ ಸ್ವಂತ ಹೆಂಡತಿ. ಮನೆಯಲ್ಲೇ ಇದ್ದಾಳೆ, ಬೇಡ ಎನ್ನುವ ಹಾಗಿಲ್ಲ. ಆ ಕಾಲದ ಹೆಂಗಸರು ಕೂದಲಿನ ಕೆಳಗೆ ದಿಂಬಿನಂಥದ್ದೇನೋ ಇಟ್ಟು ಉಬ್ಬಿಸುತ್ತಿದ್ದರು ಎಂದು ಎಲ್ಲೋ ಓದಿ, ಎರಡು ಸ್ಪಂಜಿನ ದಿಂಬು, ತಂತಿ, ಒಂದು ಡಬ್ಬಿ ಸ್ಪ್ರೇ, ಎಂಬತ್ತು ಪಿನ್ನು ಖರ್ಚು ಮಾಡಿದ. ಒಂದು ಗಂಟೆಯ ನಂತರ ಆಕೆ ಅಡುಗೆಮನೆಯಲ್ಲಿ ನಿಂತು ಫೋರ್ಕಿನಿಂದ ಅದನ್ನು ಬಿಚ್ಚಿಕೊಳ್ಳುತ್ತಿದ್ದಳು. “ಇನ್ನೊಂದು ಸಲ ನನ್ನ ತಲೆ ಮುಟ್ಟಿದ್ರೆ ನೋಡಿ,” ಎಂದಳು. “ಅತ್ತೆ ಮಾಡೋದಾದ್ರೆ ಕೂರ್ತೀನಿ.”

ಹೀಗಾಗಿ ಯಜಮಾನ ಮುಖ ಸಣ್ಣದು ಮಾಡಿಕೊಂಡು ಮೂರನೆಯ ಕುರ್ಚಿಯ ಬಳಿ ಬಂದ.

“ನೀವು ಮಾಡಿಕೊಡಿ ಅತ್ತೆ. ಗೆದ್ರೆ ಈ ಕುರ್ಚಿ ತೆಗೆದುಹಾಕಲ್ಲ. ಮಾತು ಕೊಡ್ತೀನಿ.”

“ಸೋತ್ರೆ?”

ಅವನು ಬೇಸಿನ್ ಕಡೆ ನೋಡಿದ. ಅತ್ತೆಗೆ ಅಷ್ಟು ಸಾಕಾಯಿತು.

ಸೋಮವಾರ ಅಂಗಡಿಗೆ ರಜೆ. ಅತ್ತೆ ಚಿತ್ರಶಾಲೆಗೆ ಹೋದಳು. ಎತ್ತರದ ಕೋಣೆಗಳು, ಹೆಜ್ಜೆ ಇಟ್ಟರೆ ಕಿರುಗುಟ್ಟುವ ಮರದ ನೆಲ, ಪ್ರತಿ ಬಾಗಿಲಿಗೂ ಒಬ್ಬ ಕಾವಲುಗಾರ. ಯಜಮಾನ ಆರಿಸಿದ್ದ ಚಿತ್ರ ಮೂರನೆಯ ಕೋಣೆಯಲ್ಲಿತ್ತು. ಕೆಳಗೆ ‘ಹೆಸರು ತಿಳಿಯದ ಮಹಿಳೆ’ ಎಂದು ಬರೆದಿತ್ತು. ಮುತ್ತು, ಕಸೂತಿ, ತಟ್ಟೆಯಷ್ಟು ಅಗಲದ ನೆರಿಗೆಯ ಕೊರಳಪಟ್ಟಿ, ಎಲ್ಲವನ್ನೂ ಚಿತ್ರಕಾರ ಒಂದು ಎಳೆ ಬಿಡದೆ ಬರೆದಿದ್ದ. ಹೆಸರು ಕೇಳಲು ಮಾತ್ರ ಮರೆತಿದ್ದ. ಹಣೆ ನೆತ್ತಿಯವರೆಗೂ ಹೋಗಿತ್ತು. ಕೂದಲು ಎರಡು ಕಡೆ ಉಬ್ಬಿ ನಡುವೆ ತಗ್ಗಾಗಿತ್ತು. ಎರಡು ಉಬ್ಬಿನಲ್ಲಿ ಒಂದು ತುಸು ಎತ್ತರ, ಅದರಿಂದ ಒಂದು ಮುತ್ತು ಇಳಿಬಿದ್ದಿತ್ತು.

ಅತ್ತೆ ಹತ್ತು ನಿಮಿಷ ನೋಡಿದಳು. ಏನೋ ಕೈಗೆ ಸಿಗುತ್ತಿಲ್ಲ. ಆಮೇಲೆ ಗೋಡೆಗೆ ಕೆನ್ನೆ ತಾಗಿಸಿ ಚೌಕಟ್ಟಿನ ಹಿಂದಕ್ಕೆ ಇಣುಕಿದಳು.

“ಅಮ್ಮಾ, ಎರಡಡಿ ದೂರ ನಿಲ್ಲಿ,” ಎಂದ ಕಾವಲುಗಾರ.

“ಇದರ ಹಿಂದೆ ಏನಿದೆ?”

“ಗೋಡೆ ಇದೆ.”

“ಅದಲ್ಲಪ್ಪ. ಈಕೆ ಹಿಂದಲೆ ಹೇಗಿತ್ತು?”

ಕಾವಲುಗಾರ ಚಿತ್ರವನ್ನು ನೋಡಿದ, ಅತ್ತೆಯನ್ನು ನೋಡಿದ. ಹನ್ನೊಂದು ವರ್ಷದ ನೌಕರಿಯಲ್ಲಿ ಅವನಿಗೆ ಶೌಚಾಲಯ ಎಲ್ಲಿ ಎಂಬುದನ್ನು ಬಿಟ್ಟರೆ ಬೇರೆ ಪ್ರಶ್ನೆ ಬಂದಿರಲಿಲ್ಲ. “ಚಿತ್ರಕ್ಕೆ ಹಿಂದಲೆ ಇರಲ್ಲಮ್ಮ,” ಎಂದ ಕೊನೆಗೆ.

ಅತ್ತೆ ಬಿಡುವ ಪೈಕಿಯಲ್ಲ. ಎದುರಿನ ಬೆಂಚಿನಲ್ಲಿ ಕೂತು ಲೆಕ್ಕ ಹಾಕಿದಳು. ಇಷ್ಟು ಎತ್ತರದ ಉಬ್ಬು ತಾನಾಗಿ ನಿಲ್ಲುವುದಿಲ್ಲ, ಹಿಂದೆ ಎಲ್ಲೋ ಬಿಗಿಯಾಗಿ ಕಟ್ಟಿರಬೇಕು. ಹಣೆಯ ಪಕ್ಕದ ಚರ್ಮ ಮೇಲಕ್ಕೆ ಎಳೆದುಕೊಂಡಿದೆ, ಹುಬ್ಬು ಎಷ್ಟೋ ದಿನದಿಂದ ಕೆಳಗಿಳಿದಿಲ್ಲ. ಅಗಲ ಹಣೆ ಆ ಕಾಲದಲ್ಲಿ ಚೆಂದ ಎಂದು ಪಕ್ಕದ ಫಲಕ ಹೇಳುತ್ತಿತ್ತು. ಅತ್ತೆಗೆ ಕಂಡದ್ದು ಬೇರೆ. ಮುಂದಿನ ಕೂದಲು ಅರ್ಧ ಚೆಂದಕ್ಕೆಂದು ಕಿತ್ತದ್ದಿರಬಹುದು, ಇನ್ನರ್ಧ ಎಳೆದು ಎಳೆದು ಉದುರಿ ಹೋದದ್ದು. ‘ಅಯ್ಯೋ ತಾಯಿ, ನಿನಗೆಷ್ಟು ತಲೆನೋವಿತ್ತೋ’ ಎಂದು ಅವಳಿಗೆ ನಿಜವಾಗಿಯೂ ಮರುಕ ಹುಟ್ಟಿತು. ಚಿತ್ರಕ್ಕೆ ಕೂತಷ್ಟು ದಿನವೂ ಆ ಹೆಂಗಸು ತಲೆಯನ್ನು ಹಿಂದಕ್ಕೆ ಒರಗಿಸಿರಲಾರಳು. ತಾನು ಮಾಡುವುದು ಒರಗಬಹುದಾದ ತಲೆಯಾಗಿರಬೇಕು ಎಂದು ಅತ್ತೆ ಅಲ್ಲೇ ನಿರ್ಧರಿಸಿದಳು.

ಮುಂದಿನ ಐದು ಸೋಮವಾರ ಮುಚ್ಚಿದ ಅಂಗಡಿಯಲ್ಲಿ ಕೆಲಸ ನಡೆಯಿತು. ಯಜಮಾನನ ಹೆಂಡತಿ ಮೂರನೆಯ ಕುರ್ಚಿಯಲ್ಲಿ, ಎಂಟು ತಿಂಗಳ ಕೂಸು ನೆಲದ ಮೇಲೆ ಹಾಸಿದ ಟವೆಲಿನಲ್ಲಿ ಬಾಚಣಿಗೆ ಕಚ್ಚುತ್ತ. ಮೊದಲ ದಿನವೇ ಅತ್ತೆಯ ಬೆರಳು ಕುತ್ತಿಗೆಯಿಂದ ಮೇಲೆ ಹೋಗಿ ಕಿವಿಯ ಮುಂದಕ್ಕೆ ಬಂದು ನಿಂತುಬಿಟ್ಟಿತು. ಅಲ್ಲಿ ಕೂದಲು ಇರಬೇಕಾದಷ್ಟು ಇರಲಿಲ್ಲ.

“ಎಷ್ಟು ದಿನ ಆಯ್ತು?”

“ಮಗು ಆದಾಗಿನಿಂದ,” ಎಂದಳು ಅಣ್ಣನ ಸೊಸೆ. “ತಲೆ ತೊಳ್ಕೊಂಡ್ರೆ ಕೈ ತುಂಬ ಬರುತ್ತೆ ಅತ್ತೆ. ಮುಂದಿನ ಕೂದಲು ಎಳೆದು ಮುಚ್ಕೊಳ್ತೀನಿ.”

“ಅವನಿಗೆ ಗೊತ್ತಾ?”

“ಅವರಿಗಾ?” ಸೊಸೆ ಕನ್ನಡಿಯಲ್ಲೇ ನಕ್ಕಳು. “ಊರಿನ ತಲೆಗಳನ್ನೆಲ್ಲ ಅವರೇ ಉದ್ಧಾರ ಮಾಡಬೇಕು. ಈ ತಲೆ ಮನೇದು, ಎಲ್ಲಿ ಹೋಗುತ್ತೆ ಬಿಡಿ.”

ಅತ್ತೆಗೆ ಸಿಟ್ಟು ಬಂತು. ಅಣ್ಣನ ಮಗನ ಮೇಲೆ, ಅವನ ಕೋರ್ಸಿನ ಮೇಲೆ, ಸ್ವಲ್ಪ ತನ್ನ ಮೇಲೂ. ಈ ಹುಡುಗಿ ಎಂಟು ತಿಂಗಳಿಂದ ಕಣ್ಣೆದುರಿಗೇ ಓಡಾಡಿಕೊಂಡಿದ್ದರೂ ತಾನು ಅವಳ ಬೆನ್ನ ಹಿಂದೆ ನಿಂತಿರಲಿಲ್ಲವಲ್ಲ. “ಇನ್ನು ಮುಚ್ಕೊಳ್ಳೋದು ಬೇಡ,” ಎಂದಳು. “ಹಣೆ ಬಿಟ್ಟುಬಿಡೋಣ. ಆ ಹೆಂಗಸು ನಾನೂರು ವರ್ಷದಿಂದ ಬಿಟ್ಕೊಂಡು ಕೂತಿಲ್ವಾ? ಯಾರಾದ್ರೂ ಏನಾದ್ರೂ ಅಂದ್ರಾ? ದುಡ್ಡು ಕೊಟ್ಟು ನೋಡೋಕೆ ಬರ್ತಿದ್ದಾರೆ.”

ವಿನ್ಯಾಸ ಎಂದರೆ ಏನು ಎಂದು ಅತ್ತೆಯನ್ನು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ಮಾಡಿದ್ದು ಇಷ್ಟು. ದಿಂಬು ತೆಗೆದುಹಾಕಿದಳು. ಒಳಪದರದ ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ಅದು ಮೇಲಿನ ಉದ್ದದ ಕೂದಲನ್ನು ಒಳಗಿನಿಂದ ಹೊತ್ತು ನಿಲ್ಲುವ ಹಾಗೆ ಮಾಡಿದಳು. ಆ ಎರಡು ಉಬ್ಬು ಸ್ಪ್ರೇ ಇಲ್ಲದೆಯೇ ಎದ್ದವು, ಚಿತ್ರದಲ್ಲಿದ್ದಂತೆ ಒಂದು ತುಸು ಎತ್ತರಕ್ಕೆ; ಅದರಿಂದ ಒಂದು ಮುತ್ತನ್ನೂ ಇಳಿಬಿಟ್ಟಳು. ಹಣೆಯ ಬಳಿ ಒಂದು ಎಳೆಯನ್ನೂ ಎಳೆಯಲಿಲ್ಲ. ಕುತ್ತಿಗೆಯ ಎರಡೂ ಬದಿಗೆ ತುದಿಗಳನ್ನು ಚಿಕ್ಕದಾಗಿ ಸುರುಳಿ ಬಿಟ್ಟಳು, ಅದು ಕೊರಳಪಟ್ಟಿಯ ನೆರಿಗೆಗೆ ಬದಲು. ಅವಳ ಜೀವ ಇದ್ದದ್ದು ಹಿಂದಲೆಯಲ್ಲಿ. ಅಲ್ಲಿ ತೆಳ್ಳಗೆ, ಚಪ್ಪಟೆಯಾಗಿ, ಬುರುಡೆಯ ಗುಳಿಯಲ್ಲೇ ಮಲಗುವ ಒಂದು ಹೆಣಿಗೆ ಹಾಕಿದಳು. ನಾಲ್ಕು ಸಲ ಹಾಕಿ ನಾಲ್ಕು ಸಲ ಬಿಚ್ಚಿದಳು. ಐದನೆಯ ಸೋಮವಾರ ಹಾಕಿ ಮುಗಿಸಿ, “ಈಗ ಒರಗು,” ಎಂದಳು.

ಸೊಸೆ ಒರಗಿದಳು. ಏನೂ ಚುಚ್ಚಲಿಲ್ಲ, ಏನೂ ಕುಸಿಯಲಿಲ್ಲ. ಎರಡು ನಿಮಿಷಕ್ಕೆ ಅವಳ ಬಾಯಿ ಅರೆ ತೆರೆದು ಉಸಿರು ನಿಧಾನವಾಯಿತು. ಕೂಸಿಗೆ ಹಾಲು ಕುಡಿಸಿ, ಎತ್ತಿ ಆಡಿಸಿ ಸುಸ್ತಾದ ಹುಡುಗಿ ಹಾಡುಹಗಲಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಅತ್ತೆ ಕೂಸನ್ನು ಎತ್ತಿಕೊಂಡು ಮುಕ್ಕಾಲು ಗಂಟೆ ಸದ್ದು ಮಾಡದೆ ನಿಂತಳು. ಅಷ್ಟು ಸಂತೋಷ ಅವಳಿಗೆ ಇತ್ತೀಚೆಗೆ ಆಗಿರಲಿಲ್ಲ.

ಆದರೆ ಒಂದು ಯಡವಟ್ಟು ಆಗಿತ್ತು, ಮತ್ತು ಅದು ಕೂದಲು ಕತ್ತರಿಸುವವರು ಮಾತ್ರ ಮಾಡಬಹುದಾದ ಯಡವಟ್ಟು. ಗಿರಾಕಿಗಳು ಯಾರದೋ ಫೋಟೋ ತಂದು ಹೀಗೇ ಬೇಕು ಎನ್ನುತ್ತಾರಲ್ಲ, ಆಗ ಅತ್ತೆ ಅದನ್ನು ಕನ್ನಡಿಯ ಅಂಚಿಗೆ ಅಂಟಿಸಿ, ಕನ್ನಡಿಯಲ್ಲಿ ಕಾಣುವ ತಲೆಯನ್ನು ಫೋಟೋಗೆ ಸರಿಹೊಂದಿಸುತ್ತಾಳೆ. ಫೋಟೋದಲ್ಲಿ ಬೈತಲೆ ಯಾವ ಪಕ್ಕ ಕಾಣುತ್ತದೋ ಕನ್ನಡಿಯಲ್ಲೂ ಅದೇ ಪಕ್ಕ. ಹಾಗೆ ಮಾಡಿದರೆ ನಿಜವಾದ ತಲೆಯಲ್ಲಿ ಎಡದ್ದು ಬಲಕ್ಕೆ ಹೋಗುತ್ತದೆ, ಅದು ಅವಳಿಗೂ ಗೊತ್ತು. ಆದರೆ ಗಿರಾಕಿ ತನ್ನನ್ನು ತಾನು ನೋಡಿಕೊಳ್ಳುವುದು ಕನ್ನಡಿಯಲ್ಲಿ. ಅಲ್ಲಿ ಹೊಂದಿದರೆ ಮುಖ ಅರಳುತ್ತದೆ, ಇಲ್ಲದಿದ್ದರೆ ಏನೋ ಸರಿಯಿಲ್ಲ ಎನ್ನುತ್ತದೆ. ಹಾಗಾಗಿ ಮೂವತ್ತೆರಡು ವರ್ಷದಿಂದ ಈ ಊರಿನ ಬೈತಲೆಗಳೆಲ್ಲ ತಿರುವುಮುರುವು, ಮತ್ತು ಊರು ತೃಪ್ತಿಯಿಂದ ಇದೆ. ಅದೇ ಕೈರೂಢಿಯಲ್ಲಿ ಅತ್ತೆ ಹೆಸರು ತಿಳಿಯದ ಮಹಿಳೆಯ ಚಿತ್ರದ ಫೋಟೋವನ್ನೂ ಕನ್ನಡಿಗೆ ಅಂಟಿಸಿ ಕೆಲಸ ಮಾಡಿದ್ದಳು.

ಪ್ರದರ್ಶನದ ದಿನ ರೂಪದರ್ಶಿಯನ್ನು ಚಿತ್ರದ ಪಕ್ಕದಲ್ಲೇ ನಿಲ್ಲಿಸಿದರು. ಕೋಣೆಯ ತುಂಬ ಜನ. ಅತ್ತೆ ಒಳ್ಳೆಯ ಬಟ್ಟೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತು ಮೊದಲ ಸಲ ಎರಡನ್ನೂ ಒಟ್ಟಿಗೆ, ಎದುರಿನಿಂದ ನೋಡಿದಳು. ಚಿತ್ರದಲ್ಲಿ ಎತ್ತರದ ಉಬ್ಬೂ ಮುತ್ತೂ ಆ ಹೆಂಗಸಿನ ಎಡಗಡೆಗೆ, ಸೊಸೆಗೆ ಬಲಗಡೆಗೆ. ಯಜಮಾನನನ್ನು ನೋಡಿದಳು. ಅವನ ಕಣ್ಣೂ ಆ ಮುತ್ತಿನ ಮೇಲೇ ಇತ್ತು; ಎಷ್ಟಾದರೂ ಅದೇ ಕುಲಕಸುಬು, ಅವನಿಗೂ ಒಂದೇ ನೋಟಕ್ಕೆ ತಿಳಿದಿತ್ತು. ಕುರ್ಚಿ ಹೋಯಿತು ಎಂದುಕೊಂಡಳು ಅತ್ತೆ. ಮೂವತ್ತೆರಡು ವರ್ಷ ಕಾಪಾಡಿದ ಮಾನ ಒಂದು ಮುತ್ತಿನಲ್ಲಿ ಹೋಯಿತು.

ತೀರ್ಪು ಕೊಡಬೇಕಾದ ಚಿತ್ರಶಾಲೆಯ ಮೇಡಂ ಬಂದರು. ಕನ್ನಡಕಕ್ಕೆ ಸರಪಳಿ, ಕೈಯಲ್ಲಿ ಪೆನ್ಸಿಲು. ಚಿತ್ರ ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಪೆನ್ಸಿಲು ಕೆಳಗಿಳಿಯಿತು.

“ಎಡ ಬಲ ಅದಲುಬದಲು ಮಾಡಿದ್ದೀರಿ,” ಎಂದರು. “ಅಂದ್ರೆ ಇದು ನಕಲಲ್ಲ. ಇದು ಪ್ರತಿಬಿಂಬ. ನಾನೂರು ವರ್ಷದ ಹಿಂದಿನ ಹೆಣ್ಣು ಕನ್ನಡಿ ನೋಡಿಕೊಂಡ್ರೆ ಅಲ್ಲಿ ಈ ಕಾಲದ ಹೆಣ್ಣು ಕಾಣ್ತಾಳೆ. ನಮ್ಮ ವಿದ್ಯಾರ್ಥಿಗಳಿಗೂ ಇದು ಹೊಳೆದಿರಲಿಲ್ಲ. ಯಾರ ಕಲ್ಪನೆ ಇದು?”

ಅತ್ತೆ ಬಾಯಿ ತೆರೆದಳು. ತಪ್ಪಾಯಿತು, ಕನ್ನಡಿಗೆ ಅಂಟಿಸಿಕೊಂಡಿದ್ದೆ ಎಂದು ಹೇಳುವವಳಿದ್ದಳು, ನಿಜ. ಅಷ್ಟರಲ್ಲಿ ಯಜಮಾನ ಒಂದು ಹೆಜ್ಜೆ ಮುಂದೆ ಬಂದು, ಎದೆಯ ಮೇಲೆ ಕೈಯಿಟ್ಟು, “ಅದು ನಮ್ಮ ಸ್ಟುಡಿಯೋದ ಮೂಲ ಪರಿಕಲ್ಪನೆ ಮೇಡಂ. ನಾನು ಮೊದಲಿನಿಂದಲೂ ಅದನ್ನೇ ಹೇಳ್ತಿದ್ದೆ,” ಎಂದ. ಹೀಗೆ ಅತ್ತೆ ಮಾಡಿದ ಕೆಲಸದಲ್ಲಿ ಅವಳ ತಪ್ಪೊಂದನ್ನು ಆರಿಸಿ ಅವನು ತನ್ನದು ಮಾಡಿಕೊಂಡ. ಅತ್ತೆಗೆ ನಗು ಬಂತು. ತಪ್ಪನ್ನು ಬೇಕಾದರೆ ಇಟ್ಟುಕೊಳ್ಳಲಿ, ಹಿಂದಲೆ ನನ್ನದು. ಈಗ ಇವರು ಹುಡುಗಿಯನ್ನು ತಿರುಗಿಸಿ ಹಿಂದೆ ನೋಡುತ್ತಾರಲ್ಲ, ಆಗ ಗೊತ್ತಾಗುತ್ತದೆ ಎಂದು ಕಾದಳು.

ಯಾರೂ ತಿರುಗಿಸಲಿಲ್ಲ. ಭಾವಚಿತ್ರದ ಹಾಗೇ ಕಾಣಲಿ ಎಂದು ಮೇಡಂ ಸೊಸೆಯನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿದರು. ನಾಲ್ಕು ಸಲ ಬಿಚ್ಚಿ ಐದನೆಯ ಸಲ ಹಾಕಿದ ಹೆಣಿಗೆಯನ್ನು ಆ ದಿನ ನೋಡಿದ್ದು ಸುಣ್ಣದ ಗೋಡೆ. ಸೊಸೆ ತಾನಾಗಿಯೇ ಒಂದು ಸಲ ಹಿಂದೆ ತಿರುಗಿ, “ಇದನ್ನೂ ನೋಡಿ, ಅತ್ತೆ ಹಾಕಿದ್ದು,” ಎಂದಳು. ಫೋಟೋ ತೆಗೆಯುವವನು, “ಈ ಕಡೆ ತಿರುಗಿ ಮೇಡಂ, ಮುಖ ಕಾಣ್ತಿಲ್ಲ,” ಎಂದ. ಬಹುಮಾನ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದಳು, ಏಕೆಂದರೆ ಕುರ್ಚಿ ಉಳಿದಿತ್ತು.

ಉಳಿದದ್ದು ಮೂರು ದಿನ. ಆ ಪ್ರತಿಬಿಂಬದ ವಿಚಾರ ಮೇಡಂ ತಲೆಗೆ ಎಷ್ಟು ಹೊಕ್ಕಿತ್ತೆಂದರೆ, ಅವರು ಮರುದಿನವೇ ಅಂಗಡಿಗೆ ಫೋನ್ ಮಾಡಿದರು. ಚಿತ್ರವೇ ಕನ್ನಡಿಯಾದರೆ ಅದರ ಎದುರಿಗೆ ಕ್ಷೌರದ ಕುರ್ಚಿಯೊಂದು ಇರಬೇಡವೇ? ಹಳೆಯದಾದಷ್ಟೂ ಒಳ್ಳೆಯದು. ಖಾಯಂ ಪ್ರದರ್ಶನಕ್ಕೆ. ಯಜಮಾನ ಫೋನ್ ಇಡುವ ಮೊದಲೇ ಹೂಂ ಎಂದಿದ್ದ.

ಗುರುವಾರ ನಾಲ್ಕು ಜನ ಬಂದು ಮೂರನೆಯ ಕುರ್ಚಿಯ ತಿರುಪು ಬಿಚ್ಚಿದರು. ನೆಲದಲ್ಲಿ ನಾಲ್ಕು ತೂತು ಉಳಿದವು.

“ತೆಗೆದುಹಾಕಲ್ಲ ಅಂತ ನೀನು ಮಾತು ಕೊಟ್ಟಿದ್ದೆ,” ಎಂದಳು ಅತ್ತೆ.

“ತೆಗೆದುಹಾಕ್ತಿಲ್ವಲ್ಲ ಅತ್ತೆ, ಗೌರವದಿಂದ ಕಳಿಸ್ತಿದ್ದೀನಿ. ಅಪ್ಪನ ಕುರ್ಚಿ ಚಿತ್ರಶಾಲೆಯಲ್ಲಿ. ಅಪ್ಪ ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ರು ಹೇಳಿ.” ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದೇ ಅತ್ತೆಗೆ ಹೆಚ್ಚು ಉರಿದ ವಿಷಯ. ಸುಳ್ಳು ಹೇಳುವವನ ಜೊತೆ ಜಗಳ ಆಡಬಹುದು, ಸುಳ್ಳನ್ನು ನಂಬಿಕೊಂಡವನ ಜೊತೆ ಏನು ಆಡುವುದು?

ಶುಕ್ರವಾರದಿಂದ ಅತ್ತೆ ಬೇಸಿನ್‌ಗೆ ಹೋದಳು. ಅದೇ ವಾರ ಪತ್ರಿಕೆಯಲ್ಲಿ ಫೋಟೋ ಬಂದು ಊರಿನ ಹೆಂಗಸರೆಲ್ಲ ಆ ಸ್ಟೈಲೇ ಬೇಕೆಂದು ಸಾಲು ನಿಂತರು. ಅತ್ತೆ ತೊಳೆಯುವಳು, ಯಜಮಾನ ಕಟ್ಟುವನು. ಮುಂದೆ ಫೋಟೋದಲ್ಲಿದ್ದಂತೆಯೇ ಮಾಡಿದ. ಹಿಂದೆ ಏನಿತ್ತೆಂದು ಫೋಟೋದಲ್ಲಿ ಇರಲಿಲ್ಲವಾದ್ದರಿಂದ ಅಲ್ಲಿ ತನ್ನ ಹಳೆಯ ಸ್ಪಂಜಿನ ದಿಂಬು ಇಟ್ಟ. ತಲೆ ಎತ್ತಿ ಬಿಗಿಯಾಗಿ ಹೊರಗೆ ಹೋಗುವ ಹೆಂಗಸರ ಹಿಂದಲೆಗಳನ್ನು ಬೇಸಿನ್ ಪಕ್ಕದಿಂದ ನೋಡುವಾಗ ಅತ್ತೆಗೆ ಕೈ ಚಡಪಡಿಸುತ್ತಿತ್ತು. ಸೊಸೆ ಒಬ್ಬಳೇ ಮನೆಯಲ್ಲಿ ಗಂಡನಿಗೆ ದಿನಾ ಹೇಳುತ್ತಿದ್ದಳು, ಅತ್ತೆಯನ್ನು ಕೇಳಿ ಎಂದು. ಕೇಳಿದರೆ ಪರಿಕಲ್ಪನೆ ಯಾರದು ಎಂಬ ಪ್ರಶ್ನೆ ಏಳುತ್ತದಲ್ಲ, ಅವನು ಕೇಳಲಿಲ್ಲ.

ಸೋಮವಾರ ಅತ್ತೆ ಟಿಕೆಟ್ ತೆಗೆದುಕೊಂಡು ತನ್ನ ಕುರ್ಚಿ ನೋಡಲು ಹೋದಳು.

ಮೂರನೆಯ ಕೋಣೆಯಲ್ಲಿ, ಹೆಸರು ತಿಳಿಯದ ಮಹಿಳೆಯ ಎದುರಿಗೆ, ಅದು ಒಂದು ಗೇಣು ಎತ್ತರದ ಕಟ್ಟೆಯ ಮೇಲೆ ಕೂತಿತ್ತು. ರೆಕ್ಸಿನ್‌ಗೆ ಪಾಲಿಶ್ ಹಾಕಿದ್ದರು. ಸುತ್ತ ದಪ್ಪನೆಯ ಹಗ್ಗ. ಫಲಕದಲ್ಲಿ ಸ್ಟುಡಿಯೋದ ಹೆಸರು, ಅದರ ಕೆಳಗೆ ಯಜಮಾನನ ಹೆಸರು, ಅದರ ಕೆಳಗೆ ‘ಮುಟ್ಟಬಾರದು’. ಅತ್ತೆ ಹಗ್ಗದ ಆಚೆ, ಕುರ್ಚಿಯ ನೇರ ಹಿಂದೆ, ದಿನವೂ ನಿಲ್ಲುತ್ತಿದ್ದ ದೂರದಲ್ಲಿ ನಿಂತಳು. ಕೈಗಳು ಎಲ್ಲಿ ಇರಬೇಕೋ ಗೊತ್ತಾಗಲಿಲ್ಲ. ಬಿಡುವಿಲ್ಲದ್ದರಿಂದ ಮೂವತ್ತೆರಡು ವರ್ಷ ಮುಂದೂಡಿದ ಅಳು ಈ ಸರ್ಕಾರಿ ಕೋಣೆಯಲ್ಲಿ ಬಂದುಬಿಡುತ್ತದೇನೋ ಎಂದು ಅವಳಿಗೆ ಭಯವಾಯಿತು.

ಆಗ ಕೈಚೀಲ ಹಿಡಿದ ಒಬ್ಬ ಅಜ್ಜಿ ಬಂದಳು. ಮೊಮ್ಮಕ್ಕಳು ಮುಂದಿನ ಕೋಣೆಗೆ ಓಡಿಹೋಗಿದ್ದರು. ಅಜ್ಜಿ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು, ಚಿತ್ರಗಳನ್ನಲ್ಲ, ಕೂರುವ ಜಾಗವನ್ನು. ಆಮೇಲೆ ಹಗ್ಗವನ್ನು ಒಂದು ಕೈಯಿಂದ ಎತ್ತಿ, ಬಾಗಿ ಒಳಗೆ ಹೋಗಿ, ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕೂತಳು.

ಕಾವಲುಗಾರ ಓಡಿ ಬಂದ. “ಅಜ್ಜಿ, ಏಳಿ ಏಳಿ. ಅದು ಕೂರೋ ಕುರ್ಚಿ ಅಲ್ಲ.”

“ಮತ್ತೆ ಯಾವುದಕ್ಕಿರೋದು?”

ಕಾವಲುಗಾರ ಫಲಕ ಓದಿದ. ಅದರಲ್ಲಿ ಉತ್ತರ ಇರಲಿಲ್ಲ. ಅಜ್ಜಿ ಒರಗಲು ನೋಡಿದಳು, ಮುಖ ಕಿವುಚಿ ಮತ್ತೆ ನೆಟ್ಟಗಾದಳು.

ಅತ್ತೆ ಅದನ್ನು ನೋಡಿದಳು. ಯೋಚನೆ ಮಾಡಲಿಲ್ಲ. ಹಗ್ಗ ದಾಟಿ ಒಳಗೆ ಹೋಗಿ ನಿಂತಳು. “ಹಿಂದೆ ಎಳೀತಿದೆ ಅಲ್ವಾ?”

“ಬೆಳಗ್ಗೆ ನನ್ನ ಸೊಸೆ ಕಟ್ಟಿದ್ದು. ಪ್ರೀತಿಯಿಂದಲೇ ಕಟ್ಟಿದಳು, ಆದ್ರೆ ನನ್ನ ಕಣ್ಣೇ ಮೇಲಕ್ಕೆ ಹೋಗಿದೆ ನೋಡಿ.”

ಅತ್ತೆ ಪಾದದಿಂದ ಸನ್ನೆಯನ್ನು ನಾಲ್ಕು ಸಲ ತುಳಿದಳು. ಕುರ್ಚಿ ಏದುಸಿರು ಬಿಡುತ್ತ ಮೇಲೆದ್ದಿತು. ಕಾವಲುಗಾರ ಏನೋ ಹೇಳಹೊರಟು, ಆಮೇಲೆ ಬಾಗಿಲ ಕಡೆ ಮುಖ ಮಾಡಿ, ಬೇರೆ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತ ನಿಂತುಕೊಂಡ. ಅತ್ತೆ ಗಂಟು ಬಿಚ್ಚಿದಳು. ತೆಳು ಬಿಳಿ ಕೂದಲು, ಕುತ್ತಿಗೆಯ ಮೇಲೆ ಎಡಕ್ಕೊಂದು ಹಳೆಯ ಗಾಯದ ಗುರುತು. ಬೆರಳಿನಿಂದ ನೆತ್ತಿಯವರೆಗೂ ಒತ್ತಿ ಸಡಿಲ ಮಾಡಿ, ಚೀಲದಲ್ಲಿದ್ದ ಬಾಚಣಿಗೆ ತೆಗೆದು, ಆ ಚಪ್ಪಟೆ ಹೆಣಿಗೆಯನ್ನು ಹಾಕಿದಳು. ಐದು ನಿಮಿಷದ ಕೆಲಸ. ಅಜ್ಜಿ ಒರಗಿದಳು. ಎದುರಿನ ಚಿತ್ರದ ಗಾಜಿನಲ್ಲಿ ತನ್ನ ಮುಖ ಹುಡುಕಿ, ಆ ಹೆಂಗಸಿನ ಕೊರಳಪಟ್ಟಿಯ ಮೇಲೆ ಅದು ಸಿಕ್ಕಿದಾಗ ತಲೆದೂಗಿದಳು.

“ಹಗುರಾಯ್ತು ನೋಡಮ್ಮ,” ಎಂದಳು. “ಯಾವ ಅಂಗಡೀಲಿ ಸಿಗ್ತೀರಿ? ಮುಂದಿನ ವಾರ ಬರ್ತೀನಿ.”

ಅತ್ತೆ ಅಂಗಡಿಯ ಹೆಸರು ಹೇಳಲು ಬಾಯಿ ತೆರೆದಳು. ಅಲ್ಲಿಗೆ ಬಂದರೆ ಇವಳ ತಲೆಯನ್ನು ತಾನು ತೊಳೆದು ಟವೆಲು ಸುತ್ತಿ ಕಳಿಸಬೇಕು, ಕಟ್ಟುವವನು ದಿಂಬು ಇಡುತ್ತಾನೆ. ಬಾಚಣಿಗೆಗೆ ಸಿಕ್ಕಿದ ಎರಡು ಬಿಳಿ ಎಳೆಗಳನ್ನು ಬಿಡಿಸಿ ಬೆರಳಿಗೆ ಸುತ್ತಿಕೊಂಡಳು.

“ನಿಮ್ಮ ಮನೇಲಿ ಕುರ್ಚಿ ಇದೆಯಾ?” ಎಂದು ಕೇಳಿದಳು.

“ಊಟದ ಮೇಜಿಂದು ಇದೆ. ಬರೀ ಮರದ್ದು.”

“ಸಾಕು,” ಎಂದಳು ಅತ್ತೆ. “ವಿಳಾಸ ಹೇಳಿ.”